ಸೊಪ್ಪುಸಾರಿನ ಹುಡುಗನ ಸೇಡು

ಬಂಗಾಳದಲ್ಲಿ ಆಡಿದ ಮೊದಲ ಪಂದ್ಯದಲ್ಲೇ ನನ್ನ ಎಡಗಾಲಿನ ಬೂಟನ್ನು ನೆಲ ನುಂಗಿತು. ಚೆಂಡಿನ ಹಿಂದೆ ಓಡುತ್ತಿದ್ದೆ, ಕಾಲು ಹೂತುಕೊಂಡಿತು, ಜಗ್ಗಿದೆ. ಕಾಲು ಬಂತು, ಬೂಟು ಬರಲಿಲ್ಲ. ಕೈ ಹಾಕಿ ತಡಕಿದರೆ ಕೆಸರು, ಅದರಡಿ ಇನ್ನಷ್ಟು ಕೆಸರು. ರೆಫರಿ ಆಟ ನಿಲ್ಲಿಸಲಿಲ್ಲ. ಕೊಡೆ ಹಿಡಿದು ಅಂಚಿನಲ್ಲಿ ನಿಂತಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಳೆ ಹೊಡೆಯುತ್ತಲೇ ಇತ್ತು. ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಬರೀ ಕಾಲುಚೀಲ ಹಾಕಿಕೊಂಡು ನಾನು ಆಟ ಮುಗಿಯುವವರೆಗೂ ಓಡಿದೆ. ಚೆಂಡು ಒಮ್ಮೆಯೂ ನೆಟ್ಟಗೆ ಕಾಲಿಗೆ ಸಿಗಲಿಲ್ಲ.

ನಮ್ಮ ಮಧುಗಿರಿ ಕಡೆ ಮಳೆ ಬಂದರೆ ಆಟ ನಿಲ್ಲುತ್ತದೆ. ಇಲ್ಲಿ ಮಳೆಗಾಲ ಶುರುವಾದರೆ ಲೀಗ್ ಶುರುವಾಗುತ್ತದೆ. ಮೈದಾನಕ್ಕೆ ಇವರು ‘ಮಾಠ್’ ಅನ್ನುತ್ತಾರೆ, ಕೆಸರಿಗೆ ‘ಕಾದಾ’. ನಾನು ಆಟ ಕಲಿತದ್ದು ಏಕಶಿಲಾ ಬೆಟ್ಟದ ಕೆಳಗಿನ ಕೆಂಪು ನೆಲದಲ್ಲಿ. ಬಿದ್ದರೆ ಮಂಡಿ ಸುಲಿಯುವ, ಚೆಂಡು ಆಳೆತ್ತರ ಪುಟಿಯುವ ನೆಲ ಅದು. ಇಲ್ಲಿ ಚೆಂಡು ಗುಂಡಿಯ ನೀರಿಗೆ ಬಿದ್ದರೆ ಸತ್ತ ಕಪ್ಪೆಯ ಹಾಗೆ ಅಲ್ಲೇ ಉಳಿಯುತ್ತದೆ. ಆಟದ ಹೆಸರೊಂದು ಬಿಟ್ಟರೆ ಉಳಿದದ್ದೆಲ್ಲ ಬೇರೆ. ಆ ದಿನ ಕೊಲ್ಕತ್ತ ಬಿಟ್ಟು ಹೋಗುವಷ್ಟು ಬೇಜಾರಾಗಿತ್ತು. ಹೋಗಲಿಲ್ಲ. ಊರು ಬಿಡುವಾಗ ಒಬ್ಬ ಮನುಷ್ಯನ ಮೇಲಿನ ಸೇಡನ್ನು ಕಟ್ಟಿಕೊಂಡು ಬಂದಿದ್ದೆ. ಅದು ವಾಪಸ್ ಹೋಗಲು ಬಿಡಲಿಲ್ಲ.

ಆ ಮನುಷ್ಯ ಗಂಗಣ್ಣ ಮೇಷ್ಟ್ರು, ಮಧುಗಿರಿಯಲ್ಲಿ ನಮ್ಮ ಕಾಲೇಜಿನ ಪಿಟಿ ಮೇಷ್ಟ್ರು. ಕಬಡ್ಡಿ, ವಾಲಿಬಾಲ್ ಬಿಟ್ಟರೆ ಬೇರೆ ಆಟವಿಲ್ಲ ಎನ್ನುವ ನಮ್ಮ ಸೀಮೆಯಲ್ಲಿ ಫುಟ್‌ಬಾಲ್ ಕಲಿಸಿದವರು ಅವರೇ. ಇದನ್ನು ನಾನು ಯಾವತ್ತೂ ಇಲ್ಲ ಅಂದಿಲ್ಲ. ಮಿಡಿಗೇಶಿಯಿಂದ ಮೊದಲ ಬಸ್ಸಿಗೆ ಹೊರಟು ಅವರ ಸೀಟಿ ಕೇಳುವ ಮೊದಲೇ ಮೈದಾನದಲ್ಲಿರುತ್ತಿದ್ದೆ. ಬಸ್ಸು ತಪ್ಪಿದ ದಿನ ನಮ್ಮೂರ ಕೋಟೆ ಬೆಟ್ಟವನ್ನೇ ಓಡಿ ಹತ್ತಿ ಇಳಿಯುತ್ತಿದ್ದೆ. ನಮ್ಮದು ಅಂಗಡಿಯವರ ಮನೆ, ಲಿಂಗ ಕಟ್ಟಿದವರು. ಅಪ್ಪನಿಗೆ ನಾನು ಗಲ್ಲಾ ಮೇಲೆ ಕೂರಬೇಕೆಂಬ ಆಸೆ. ನನಗೆ ಸ್ಟ್ರೈಕರ್ ಆಗುವ ಹುಚ್ಚು. ಎಲ್ಲರಿಗಿಂತ ಮುಂದೆ ನಿಂತು ಗೋಲು ಹೊಡೆಯುವವನು ಸ್ಟ್ರೈಕರ್. ಹೊಡೆದರೆ ದೇವರು, ತಪ್ಪಿಸಿದರೆ ದಂಡಪಿಂಡ.

ಬೆಂಗಳೂರಿನ ಒಂದು ಕ್ಲಬ್ಬಿನವರು ಹುಡುಗರನ್ನು ಆರಿಸಲು ಟ್ರಯಲ್ಸ್ ಇಟ್ಟಾಗ ಮೇಷ್ಟ್ರು ನನ್ನನ್ನೂ, ಅವರ ಅಕ್ಕನ ಮಗ ಪ್ರವೀಣನನ್ನೂ ಕರೆದುಕೊಂಡು ಹೋದರು. ಪ್ರವೀಣ ಕೊರಟಗೆರೆಯವನು. ಆಟ ಬರುತ್ತಿತ್ತು, ಆದರೆ ಹಸಿವಿರಲಿಲ್ಲ. ನಾನು ಅವತ್ತು ಎರಡು ಗೋಲು ಹೊಡೆದೆ. ಮುಂದಿನ ಸುತ್ತಿಗೆ ಕರೆಯುವ ಮೊದಲು ನೀರಿನ ಡ್ರಮ್ಮಿನ ಹಿಂದೆ ಕೂತು ಬೂಟಿನ ದಾರ ಬಿಗಿಯುತ್ತಿದ್ದೆ. ಆರಿಸುವವರಲ್ಲಿ ಬಿಳಿ ಟೋಪಿಯ ಸಾಹೇಬರೊಬ್ಬರು ಮೇಷ್ಟ್ರನ್ನು ಕೇಳಿದರು, “ಆ ತೆಳ್ಳಗಿನ ಹುಡುಗ ಹೇಗೆ?”

“ಶಿವಲಿಂಗನಾ ಸಾರ್? ಸೊಪ್ಪುಸಾರು ತಿನ್ನೋ ಹುಡ್ಗ ಸಾರ್. ಮೊಟ್ಟೆನೂ ಮುಟ್ಟಲ್ಲ. ಅರ್ಧ ಆಟಕ್ಕೇ ನಾಲ್ಗೆ ಹೊರಗಾಕ್ತಾನೆ. ತೊಂಬತ್ತು ನಿಮ್ಷ ಇವನ ಕೈಲಾಗಲ್ಲ. ನೀವು ನಮ್ ಪ್ರವೀಣನ್ನ ನೋಡಿ.”

ನನ್ನನ್ನು ಮುಂದಿನ ಸುತ್ತಿಗೆ ಕರೆಯಲಿಲ್ಲ. ಪ್ರವೀಣನನ್ನು ತೆಗೆದುಕೊಂಡರು. ಬಸ್ಸಿನಲ್ಲಿ ಮೇಷ್ಟ್ರು ನನ್ನ ಬೆನ್ನು ತಟ್ಟಿ, “ಅದೃಷ್ಟ ಇರ್ಲಿಲ್ಲ ಬುಡು ಮಗಾ” ಅಂದರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಪ್ರವೀಣ ಒಂದೇ ಸೀಸನ್ನಿಗೆ ಊರಿಗೆ ಬಂದು ಹಾರ್ಡ್‌ವೇರ್ ಅಂಗಡಿ ಇಟ್ಟ. ಕಿತ್ತುಕೊಂಡದ್ದನ್ನು ಉಂಡಾದರೂ ಉಂಡರೇ ಎಂದರೆ ಅದೂ ಇಲ್ಲ, ಚೆಲ್ಲಿದರು.

ಆ ಟ್ರಯಲ್ಸಿನಲ್ಲೇ ನನ್ನಂತೆ ಬೇಡವಾದ ಇನ್ನೊಬ್ಬನಿದ್ದ. ತಪನ್ ಅಂತ, ಬಂಗಾಳಿ ಗೋಲ್‌ಕೀಪರ್. ಮೆಟ್ಟಿಲ ಮೇಲೆ ಬಾಳೆಹಣ್ಣು ಹಂಚಿಕೊಂಡು ತಿನ್ನುವಾಗ ಹಿಂದಿಯಲ್ಲಿ ಹೇಳಿದ್ದ, “ನಮ್ಮಲ್ಲಿ ಬಾ. ಮೇಲಿನ ತಂಡ ಸಿಗದಿದ್ದರೆ ಅದರ ಕೆಳಗಿನದು, ಅದೂ ಸಿಗದಿದ್ದರೆ ಇನ್ನೂ ಕೆಳಗಿನದು. ಗೋಲು ಹೊಡೆಯುವವನು ಎಲ್ಲರಿಗೂ ಬೇಕು.” ಅವನ ನಂಬರ್ ನನ್ನ ಹತ್ತಿರ ಇತ್ತು. ಮಳೆಗಾಲದ ಹೊತ್ತಿಗೆ ಹೌರಾ ರೈಲು ಹತ್ತಿದೆ.

ತಪನ್ ಬಾರಾಸಾತ್ ಎಂಬ ಊರಲ್ಲಿ ಆಟಗಾರರೇ ಇರುವ ಒಂದು ಮೆಸ್ಸಿಗೆ ಸೇರಿಸಿದ. ಕೊಲ್ಕತ್ತದಿಂದ ಲೋಕಲ್ ರೈಲಿನ ದಾರಿ. ಇಲ್ಲಿ ಮನೆಮನೆಯ ಹಿಂದೆ ಕೆರೆಯಂಥ ಹೊಂಡ, ಅದಕ್ಕೆ ‘ಪುಕುರ್’ ಅನ್ನುತ್ತಾರೆ. ಅದರಲ್ಲೇ ಮೀನು, ಅದರಲ್ಲೇ ಸ್ನಾನ, ಪಾತ್ರೆ. ಟ್ಯಾಂಕರ್ ಬರುವ ದಾರಿ ಕಾದು ಬೆಳೆದ ನನಗೆ ನೀರಿನ ಜೊತೆ ಇಷ್ಟೊಂದು ಸಲುಗೆಯಿಂದಿರುವ ಜನರನ್ನು ನೋಡಿ ಮೊದಮೊದಲು ಹೊಟ್ಟೆಕಿಚ್ಚಾಗುತ್ತಿತ್ತು. ಇವರ ಭಾಷೆಯಲ್ಲಿ ನೀರನ್ನು ಕುಡಿಯುವುದಿಲ್ಲ, ತಿನ್ನುತ್ತಾರೆ. ‘ಜೊಲ್ ಖಾಬೆ?’ ಎಂದರೆ ನೀರು ಬೇಕಾ ಅಂತ. ಶಿವು ಎನ್ನಲು ಬಾರದೆ ನನ್ನನ್ನು ಶಿಬು ಮಾಡಿದರು. ಕನ್ನಡ ಎಂಬ ಭಾಷೆಯೊಂದಿದೆ ಎಂದರೆ ಕೆನಡಾವೇ ಎಂದು ಕೇಳಿದರು. ವಿಂಧ್ಯದಿಂದ ಕೆಳಗಿನವರೆಲ್ಲ ಇವರಿಗೆ ‘ಮದ್ರಾಜಿ’.

ಮೊದಲ ದಿನ ಊಟಕ್ಕೆ ಕೂತಾಗ ಬರೀ ಬೇಳೆ ಸಾಕು ಅಂದೆ. ಬೇಳೆ ಬಂತು. ಸೌಟಿನಿಂದ ಜಾರಿ ತಟ್ಟೆಗೆ ಬಿದ್ದ ಬೇಳೆಯೊಳಗಿಂದ ಒಂದು ಮೀನಿನ ತಲೆ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು. ಎದ್ದುಬಿಟ್ಟೆ. ಹುಡುಗರು ನಕ್ಕರು. ತಪನ್ ಗದರಿದ, “ಮೀನು ತಿನ್ನದೆ ಈ ಕೆಸರಲ್ಲಿ ಆಡ್ತೀಯಾ? ಅರ್ಧ ಆಟಕ್ಕೆ ಬೀಳ್ತೀಯ.”

ಪಾಪ, ಅವನಿಗೇನು ಗೊತ್ತು. ನಿಜ ಹೇಳಬೇಕೆಂದರೆ ನಾನು ಅಂಥ ಮಡಿವಂತನೇನಲ್ಲ. ಶಿರಾದಲ್ಲಿ ಟೂರ್ನಮೆಂಟಿಗೆ ಹೋದಾಗ ಗೆಳೆಯ ಇಮ್ರಾನ್, “ಖಾವ್ ಭಾಯ್, ನಿಮ್ ಅಪ್ಪಂಗ್ ಯಾರ್ ಹೇಳ್ತಾರೆ” ಎಂದು ಆಮ್ಲೆಟ್ ತಿನ್ನಿಸಿದ್ದ. ರುಚಿಯಾಗಿಯೇ ಇತ್ತು. ಬಂಗಾಳಕ್ಕೆ ಹೋದ ಮೇಲೆ ಎಲ್ಲ ತಿನ್ನುವುದೆಂದೇ ಇದ್ದೆ. ಆದರೆ ತಪನ್ ಆ ಮಾತು ಆಡಿದ್ದೇ ತಡ, ಗಂಗಣ್ಣ ಮೇಷ್ಟ್ರ ದನಿ ಕೇಳಿದಂತಾಯಿತು. ಅಲ್ಲೇ ತೀರ್ಮಾನಿಸಿದೆ. ಮೀನು, ಮಾಂಸ, ಮೊಟ್ಟೆ ಯಾವುದನ್ನೂ ಮುಟ್ಟುವುದಿಲ್ಲ. ಸೊಪ್ಪುಸಾರು ತಿಂದೇ ಓಡುತ್ತೇನೆ. ದೇವರ ಮೇಲಿನ ಭಕ್ತಿಯಿಂದ ಸಸ್ಯಾಹಾರಿ ಆದವರಿದ್ದಾರೆ. ನಾನು ಸಿಟ್ಟಿನಿಂದ ಆದವನು.

ಅಡುಗೆಯ ಮಾಶಿ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದರು. ಮಾಶಿ ಎಂದರೆ ಚಿಕ್ಕಮ್ಮ. ಬಿಳಿ ಸೀರೆಯ ವಿಧವೆ. ಇಲ್ಲಿ ಹಳೆಯ ಕಾಲದ ವಿಧವೆಯರು ಮೀನು ಬಿಡುತ್ತಾರೆ. ಅವರ ಊಟಕ್ಕೆ ‘ನಿರಾಮಿಷ್’ ಎನ್ನುತ್ತಾರೆ, ನಮ್ಮ ನಿರಾಮಿಷ ಎಂಬ ಪದವೇ. ಮಾಶಿ ತಮಗಾಗಿ ಬೇರೆ ಒಲೆಯಲ್ಲಿ, ಬೇರೆ ಪಾತ್ರೆಯಲ್ಲಿ ಬೇಯಿಸಿಕೊಳ್ಳುತ್ತಿದ್ದರು.

“ತುಯಿ ಕಿ ಬಿಧೊಬಾ ನಾಕಿ ರೆ?” ಎಂದರು. ನೀನೇನು ವಿಧವೆಯೇನೋ ಅಂತ. ಮನೆಯೆಲ್ಲ ಗೊಳ್ಳೆಂದಿತು. ಅವರು ನಗಲಿಲ್ಲ. ನನ್ನ ತಟ್ಟೆ ಎತ್ತಿಕೊಂಡು ಹೋಗಿ ಅಡುಗೆಮನೆಯ ನೆಲದ ಮೇಲೆ ತಮ್ಮ ತಟ್ಟೆಯ ಪಕ್ಕ ಇಟ್ಟರು. ಅವತ್ತಿನಿಂದ ನನ್ನ ಊಟ ಅಲ್ಲೇ. ಬಾಳೆಹೂವಿನ ಪಲ್ಯ, ಗಸಗಸೆ ಅರೆದು ಮಾಡಿದ ಆಲೂಗೆಡ್ಡೆ, ಹಾಗಲಕಾಯಿ ಹಾಕಿದ ಕಹಿ ಗೊಜ್ಜು. ಸಾಸಿವೆ ಎಣ್ಣೆಯ ಘಾಟು ಮೂಗಿಗೆ ಒಗ್ಗಲು ವರ್ಷ ಹಿಡಿಯಿತು. ಮುದ್ದೆಯ ಆಸೆ ಇವತ್ತಿಗೂ ಹೋಗಿಲ್ಲ. ರಾಗಿಹಿಟ್ಟು ತರಿಸಿ ಒಮ್ಮೆ ಮುದ್ದೆ ಮಾಡಿಟ್ಟರೆ ಮಾಶಿ ಬೆರಳಲ್ಲಿ ಒತ್ತಿ ನೋಡಿ, ಇದನ್ನು ತಿನ್ನುವುದೋ, ಇದರಲ್ಲಿ ಆಡುವುದೋ ಎಂದು ಕೇಳಿದರು.

ಓಡಿದೆ. ಬೆಳಿಗ್ಗೆ ಎಲ್ಲರೂ ಎದ್ದೇಳುವ ಮೊದಲು ರೈಲ್ವೆ ಹಳಿಯ ಪಕ್ಕದ ಮಣ್ಣುದಾರಿಯಲ್ಲಿ, ಮಧ್ಯಾಹ್ನ ಹುಡುಗರು ಮಲಗಿದಾಗ ಗದ್ದೆಯ ಬದುವಿನ ಮೇಲೆ. ಸೋಲುತ್ತಿರುವ ಪಂದ್ಯದಲ್ಲೂ ಸೀಟಿ ಊದುವವರೆಗೆ ನಿಲ್ಲುತ್ತಿರಲಿಲ್ಲ. ಕೆಸರಿನ ಗುಟ್ಟೂ ನಿಧಾನಕ್ಕೆ ತಿಳಿಯಿತು. ಗುಂಡಿಯ ನೀರಲ್ಲಿ ಚೆಂಡು ನಿಲ್ಲುತ್ತದೆ, ಓಡಿ ಬರುವ ಡಿಫೆಂಡರ್ ನಿಲ್ಲಲಾರದೆ ಜಾರಿಕೊಂಡು ಮುಂದೆ ಹೋಗುತ್ತಾನೆ. ನಾನು ಚೆಂಡಿನ ಜೊತೆ ಓಡುವುದನ್ನು ಬಿಟ್ಟು ಗುಂಡಿಯ ಹತ್ತಿರ ಕಾಯುವುದನ್ನು ಕಲಿತೆ. ಕೊನೆಯ ಹತ್ತು ನಿಮಿಷಗಳಲ್ಲಿ ಎಲ್ಲರ ಕಾಲು ಸೀಸವಾದಾಗ ನನ್ನ ಗೋಲುಗಳು ಬರತೊಡಗಿದವು. ಅಂಚಿನ ಜನ ಒಂದು ಹೆಸರಿಟ್ಟರು: ‘ಶೇಷ್ ಬೆಲಾರ್ ಶಿಬು’, ಕೊನೆಗಳಿಗೆಯ ಶಿಬು. ಆ ಹೆಸರನ್ನು ಕೂಗಿದಾಗಲೆಲ್ಲ ಮನಸ್ಸಿನಲ್ಲೇ ಮೇಷ್ಟ್ರಿಗೆ ಹೇಳುತ್ತಿದ್ದೆ, ಕೇಳಿಸ್ತಾ ಸಾರ್?

ದೊಡ್ಡ ಆಟಗಾರನಾದೆ ಎಂದು ಯಾರೂ ತಿಳಿಯಬೇಡಿ. ನಾನು ಕೆಳಗಿನ ಡಿವಿಷನ್ನುಗಳ ಕೂಲಿ. ಒಂದು ವರ್ಷ ಒಂದು ತಂಡ, ಮರುವರ್ಷ ಇನ್ನೊಂದು. ಬಟ್ಟೆ ಬದಲಿಸಲು ಟಾರ್ಪಾಲು, ಕಾಲು ತೊಳೆಯಲು ಪುಕುರ್. ಮೇಲಿನ ಹಂತದ ತಂಡವೊಂದು ಒಮ್ಮೆ ಕರೆದು, ಒಂದಿಡೀ ಮಳೆಗಾಲ ಬೆಂಚಿನ ಮೇಲೆ ಕೂರಿಸಿ ಕಳಿಸಿತು. ಲೀಗ್ ಮುಗಿದ ಮೇಲೆ ಚಳಿಗಾಲದಲ್ಲಿ ‘ಖೇಪ್’. ಯಾವುದೋ ಜಿಲ್ಲೆಯ ಯಾವುದೋ ಹಳ್ಳಿಯ ಟೂರ್ನಮೆಂಟಿಗೆ ಒಂದು ದಿನದ ಮಟ್ಟಿಗೆ ಬಾಡಿಗೆ ಆಟಗಾರನಾಗಿ ಹೋಗುವುದಕ್ಕೆ ಖೇಪ್ ಎನ್ನುತ್ತಾರೆ. ಬೆಳಿಗ್ಗೆ ಹೆಸರೂ ಗೊತ್ತಿಲ್ಲದ ಊರಿನ ಮಾನ ಸಂಜೆಯ ಹೊತ್ತಿಗೆ ನಿಮ್ಮ ಕಾಲಲ್ಲಿರುತ್ತದೆ. ಮರುದಿನ ಆ ಊರು ನಿಮ್ಮನ್ನು ಮರೆತಿರುತ್ತದೆ.

ಮಾಶಿಯ ತಂಗಿಯ ಮಗಳು ಝರ್ನಾ, ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಅವಳನ್ನು ಮದುವೆಯಾದೆ. ಬಾಡಿಗೆ ಮನೆ ಹುಡುಕುವಾಗ ಒಬ್ಬ ಮನೆಯೊಡೆಯ ಜಾತಿ ಕೇಳಲಿಲ್ಲ, ಕೊಲ್ಕತ್ತದ ಎರಡು ದೊಡ್ಡ ತಂಡಗಳಲ್ಲಿ ನಿನ್ನದು ಯಾವುದು ಎಂದು ಕೇಳಿದ. ಒಂದು ತಂಡದವರದು ಇಲಿಶ್ ಮೀನು, ಇನ್ನೊಂದರವರದು ಸಿಗಡಿ. ಗೆದ್ದ ದಿನ ಅದನ್ನೇ ಬೇಯಿಸಬೇಕು. ಎರಡೂ ತಿನ್ನುವುದಿಲ್ಲ ಅಂದೆ. ಆತ ನನ್ನನ್ನು ಅನಾಥನನ್ನು ನೋಡುವಂತೆ ನೋಡಿ, “ಸರಿ, ಹಾಗಾದರೆ ಜಗಳವಿಲ್ಲ” ಎಂದು ಬೀಗದ ಕೈ ಕೊಟ್ಟ. ನಮಗೊಬ್ಬ ಮಗಳು ಹುಟ್ಟಿದಳು. ಕನ್ನಡದಲ್ಲಿ ಬೈಸಿಕೊಳ್ಳುತ್ತಾಳೆ, ಬಂಗಾಳಿಯಲ್ಲಿ ಉತ್ತರ ಕೊಡುತ್ತಾಳೆ.

ಹೋದ ಚಳಿಗಾಲದಲ್ಲಿ ಪಾವಗಡದಿಂದ ಫೋನ್ ಬಂತು. ವೆಂಕಟ, ಕಾಲೇಜಿನಲ್ಲಿ ನನ್ನ ಜೊತೆ ಆಡಿದವನು, ಈಗ ಡ್ರಿಪ್ ಪೈಪಿನ ಅಂಗಡಿ ಇಟ್ಟು ಊರಿನ ತಂಡ ನಡೆಸುತ್ತಾನೆ. ಅವನ ಮಾತಿನಲ್ಲಿ ತೆಲುಗು ಎಷ್ಟು, ಕನ್ನಡ ಎಷ್ಟು ಎಂದು ಅವನಿಗೇ ಗೊತ್ತಿಲ್ಲ.

“ಅಣ್ಣೋ, ಮಧುಗಿರೀಲಿ ಟೂರ್ನಮೆಂಟು. ಮೀ ಮೇಷ್ಟ್ರು ಟೀಮೇ ಫೈನಲ್‌ಗೆ ಬರೋದು, ಡೌಟೇ ಇಲ್ಲ. ನಾವೂ ಬತ್ತೀವಿ. ನುವ್ವು ಒಸ್ತೇ ಚಾಲು. ನೀನೊಬ್ಬ ಬಂದ್ರೆ ಸಾಕು ಕಣಣ್ಣ.”

“ಯಾವ ಮೇಷ್ಟ್ರು?” ಅಂದೆ, ಗೊತ್ತಿದ್ದೂ.

“ಇನ್ಯಾರು, ಗಂಗಣ್ಣನೇ. ರಿಟೈರ್ ಆದ್ರೂ ಸೀಟಿ ಬುಟ್ಟಿಲ್ಲ.”

ಟಿಕೆಟ್ ಮಾಡಿಸಿದೆ. ಝರ್ನಾ, ಮಗಳು ಇಬ್ಬರೂ ಜೊತೆಗೆ ಬಂದರು. ಇಷ್ಟು ವರ್ಷ ಊರಿಗೆ ಬಂದಾಗಲೆಲ್ಲ ಆ ಮೈದಾನದ ರಸ್ತೆಗೆ ಕಾಲಿಡದೆ ಸುತ್ತಿಕೊಂಡು ಹೋಗಿದ್ದವನು ಈ ಸಲ ಬಾಡಿಗೆ ಆಟಗಾರನಾಗಿ, ನನ್ನದೇ ತಾಲ್ಲೂಕಿನ ಎದುರು ಆಡಲು ನೆಟ್ಟಗೆ ಒಳಗೆ ನಡೆದೆ.

ಫೈನಲ್ಲಿನಲ್ಲಿ ನಮ್ಮ ಎದುರಿಗೆ ಬಂದದ್ದು ಮೇಷ್ಟ್ರ ತಂಡವೇ. ಅವರು ದಪ್ಪಗಾಗಿದ್ದರು, ಕೂದಲಿಗೆ ಬಣ್ಣ ಹಚ್ಚಿದ್ದರು. ನನ್ನನ್ನು ನೋಡಿ ಕೈ ಬೀಸಿದರು. ನಾನು ಬೀಸಲಿಲ್ಲ.

ಆದರೆ ಆಟ ಶುರುವಾದ ಮೇಲೆ ತಿಳಿದದ್ದು, ನನ್ನ ಕಾಲಿಗೆ ನಮ್ಮ ನೆಲವೇ ಮರೆತುಹೋಗಿದೆ ಎಂದು. ಚೆಂಡು ನಿಲ್ಲುತ್ತದೆ ಎಂದು ಕಾದರೆ ಪುಟಿದು ತಲೆಯ ಮೇಲೆ ಹೋಗುತ್ತಿತ್ತು. ಜಾರಿದರೆ ತೊಡೆಯ ಚರ್ಮ ಕಿತ್ತು ಬಂತು. ಮಧುಗಿರಿ ಹುಡುಗರು ನನ್ನನ್ನು ಆಟ ಬಾರದವನಂತೆ ಬಿಟ್ಟು ಓಡಾಡಿದರು. ಜನ ಕೂಗಿದರು, “ಏಯ್ ಬೆಂಗಾಲಿ, ರಸಗುಲ್ಲ ತಿನ್ನೋಗ್ಲಾ!” ಅಲ್ಲಿ ಮದ್ರಾಜಿ ಆಗಿದ್ದೆ, ಇಲ್ಲಿ ಬೆಂಗಾಲಿಯಾದೆ. ನನ್ನೂರ ಬಾಯಲ್ಲಿ ಆ ಮಾತು ಬರುತ್ತದೆ ಎಂದು ಎಣಿಸಿರಲಿಲ್ಲ.

ಬಿಸಿಲು ಇಳಿದು ಆಟ ಮುಗಿಯಲು ಬಂದರೂ ಎರಡೂ ಕಡೆ ಗೋಲಿರಲಿಲ್ಲ. ನಮ್ಮವರೆಲ್ಲ ಸೊಂಟದ ಮೇಲೆ ಕೈ ಇಟ್ಟಿದ್ದರು, ಅವರ ಡಿಫೆಂಡರ್‌ಗಳೂ ಅಷ್ಟೇ. ನಾನೊಬ್ಬನೇ ಓಡುತ್ತಿದ್ದೆ. ವೆಂಕಟ ಮಧ್ಯದಿಂದ ಕಣ್ಣು ಮುಚ್ಚಿಕೊಂಡು ಒದ್ದ ಚೆಂಡು ಮೇಲೆ ಹೋಗಿ, ಬೆಟ್ಟದ ಬಂಡೆಯ ಎದುರು ಚುಕ್ಕಿಯಂತೆ ಕಂಡು, ಕೆಳಗೆ ಬಿತ್ತು. ಈ ಸಲ ನಾನು ಕಾಯಲಿಲ್ಲ. ಅದು ಎಷ್ಟೆತ್ತರ ಏಳುತ್ತದೆ ಎಂದು ನನ್ನ ಮೈಗೆ ತಟ್ಟನೆ ನೆನಪಾಯಿತು. ಗೋಲ್‌ಕೀಪರ್ ಮುಂದೆ ಓಡಿ ಬಂದಿದ್ದ. ನೆಗೆದು ತಲೆ ಕೊಟ್ಟೆ. ಚೆಂಡು ಅವನ ಕೈ ದಾಟಿದ್ದು ಕಂಡಿತು. ಅದು ಬಲೆಗೆ ಬೀಳುವುದನ್ನು ನಾನು ನೋಡಲಿಲ್ಲ. ತಿರುಗಿ ಮೇಷ್ಟ್ರ ಮುಖ ನೋಡಿದೆ. ನೋಡಬೇಕಾಗಿದ್ದದ್ದು ಅದೊಂದೇ.

ಬಹುಮಾನದ ಹೊತ್ತು. ಮೈಕ್ ಹಿಡಿದಿದ್ದವರು ಮೇಷ್ಟ್ರೇ. ಸೋತವರ ಮುಖ ಅಷ್ಟರಲ್ಲಿ ಹೋಗಿ ಸಂಭ್ರಮದ ಮುಖ ಬಂದಿತ್ತು. ನನ್ನ ಹೆಗಲ ಮೇಲೆ ಕೈ ಹಾಕಿದರು.

“ಸ್ನೇಹಿತ್ರೇ, ಗೋಲ್ ಹೊಡ್ದೋನು ಬೇರೆ ಯಾರೂ ಅಲ್ಲ. ನಮ್ ಮಿಡಿಗೇಶಿ ಶಿವಲಿಂಗ. ಬೆಂಗಾಲ್‌ಗೋಗಿ ತಾಲ್ಲೂಕಿನ್ ಹೆಸ್ರು ಎತ್ತವ್ನೆ. ಇವನ್ಗೆ ಬಾಲ್ ಮುಟ್ಟೋದ್ ಕಲ್ಸಿದ್ದು ನಾನೇ. ಇವತ್ತು ಗುರುಗೇ ತಿರುಮಂತ್ರ ಹಾಕ್ಬುಟ್ಟ ನೋಡಿ!”

ಜನ ಚಪ್ಪಾಳೆ ತಟ್ಟಿದರು. ನಾನು ಅವರ ಕೈಯಿಂದ ಮೈಕ್ ತೆಗೆದುಕೊಂಡೆ.

“ಸಾರ್, ಟ್ರಯಲ್ಸ್ ದಿನ ಬಿಳಿ ಟೋಪಿ ಸಾಹೇಬ್ರ ಹತ್ರ ಏನಂದ್ರಿ, ಅದ್ನೂ ಹೇಳ್ಬುಡಿ.”

“ಯಾವ ಟ್ರಯಲ್ಸೋ?”

“ಬೆಂಗ್ಳೂರ್ದು. ಸೊಪ್ಪುಸಾರು ತಿನ್ನೋ ಹುಡ್ಗ, ತೊಂಬತ್ತು ನಿಮ್ಷ ಇವನ ಕೈಲಾಗಲ್ಲ, ನಮ್ ಪ್ರವೀಣನ್ನ ನೋಡಿ ಅಂದ್ರಲ್ಲ ಸಾರ್. ನಾನು ಡ್ರಮ್ಮಿನ ಹಿಂದೆ ಬೂಟ್ ಕಟ್ಕಂತಿದ್ದೆ. ಇವತ್ಗೂ ಸೊಪ್ಪುಸಾರೇ ತಿನ್ನೋದು. ಗೋಲು ಎಷ್ಟನೇ ನಿಮ್ಷಕ್ಕೆ ಬಿತ್ತು ಅಂತ ರೆಫರೀನ ಕೇಳಿ.”

ಮೇಷ್ಟ್ರ ಕೈ ನನ್ನ ಹೆಗಲಿಂದ ಇಳಿಯಿತು. ಆ ಮುಖ ಬೆಳ್ಳಗಾದದ್ದನ್ನು ನಾನು ಕಣ್ತುಂಬ ನೋಡಿದೆ. ಆದರೆ ಅವರು ಹಳೆಯ ಹುಲಿ. ಗಂಟಲು ಸರಿಮಾಡಿಕೊಂಡು, ಮೈಕ್ ಇಲ್ಲದೆಯೇ ಎಲ್ಲರಿಗೂ ಕೇಳುವಂತೆ ಅಂದರು:

“ಅವತ್ತು ಅಂಗಂದಿದ್ದಕ್ಕೇ ಕಣ್ಲಾ ನೀನು ಇವತ್ತು ಹಿಂಗಾಗಿರೋದು. ರೋಷ ಬರ್ಲಿ ಅಂತ್ಲೇ ಅಂದೆ ಅನ್ಕೋ. ನಾನು ಅನ್ನದೆ ಇದ್ದಿದ್ರೆ ನೀನು ಇಷ್ಟು ಓಡ್ತಿದ್ಯಾ?”

ನೋಡಿ, ಎಂಥ ಮನುಷ್ಯ! ನನ್ನ ಜಾಗ ಕಿತ್ತುಕೊಂಡದ್ದು ಸಾಲದೆ ನನ್ನ ಸಿಟ್ಟೂ ತನ್ನದೇ ಎನ್ನುತ್ತಿದ್ದರು. ರೈಲಿನಲ್ಲಿ, ಕೆಸರಿನಲ್ಲಿ, ಮಾಶಿಯ ಅಡುಗೆಮನೆಯಲ್ಲಿ ಬೈಗುಳಗಳನ್ನು ಎಷ್ಟೋ ಸಲ ಜೋಡಿಸಿಟ್ಟುಕೊಂಡಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ಇಷ್ಟೇ:

“ಓಡ್ತಿದ್ದೆ ಸಾರ್. ಇಲ್ಲೇ ಓಡ್ತಿದ್ದೆ.”

ಮೇಷ್ಟ್ರು ಕುರ್ಚಿ ಹುಡುಕಿ ಕೂತರು. ನಾನು ಮೈಕನ್ನು ಮೇಜಿನ ಮೇಲಿಟ್ಟು ಇಳಿದೆ. ಜನ ದಾರಿ ಬಿಟ್ಟರು, ಬೆನ್ನು ತಟ್ಟಲಿಲ್ಲ. ನನ್ನಣ್ಣ ಮಾತ್ರ ಹತ್ತಿರ ಬಂದು, “ಎಷ್ಟಾದ್ರೂ ಕಲ್ಸಿದ್ ಮೇಷ್ಟ್ರು. ಅಂಗನ್ಬಾರ್ದಿತ್ತು ಕಣ್ಲಾ” ಅಂದ. ಅನ್ನಬೇಕಿತ್ತು. ಇವತ್ತಿಗೂ ಹಾಗೇ ಅನ್ನುತ್ತೇನೆ. ಆ ರಾತ್ರಿ ನನ್ನಷ್ಟು ಸುಖವಾಗಿ ನಿದ್ದೆ ಮಾಡಿದವರು ಮಿಡಿಗೇಶಿಯಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ.

ಹೊರಡುವ ದಿನ ಮಧುಗಿರಿ ಬಸ್ ನಿಲ್ದಾಣದಲ್ಲಿ ಮಗಳು ಬಿಸಿಲಿಗೆ ಅಳತೊಡಗಿದಳು. “ಬಾಡಿ ಜಾಬೊ,” ಮನೆಗೆ ಹೋಗೋಣ. ಅವಳಿಗೆ ಬಾಡಿ ಎಂದರೆ ಬಾರಾಸಾತಿನ ಮನೆ. ಪಕ್ಕದಲ್ಲಿದ್ದ ಹೆಂಗಸೊಬ್ಬಳು, “ಏನಂತದಮ್ಮ ಮಗು?” ಎಂದಳು. ಊರಿಗೆ ಹೋಗೋಣ ಅಂತಿದೆ ಅಂದೆ. “ಯಾವೂರು ನಿಮ್ದು?” ಅಂದಳು. ಬಸ್ಸು ಬಂತು. ಮಗಳನ್ನು ಎತ್ತಿಕೊಂಡು ಹತ್ತಿದೆ.

ಬಾರಾಸಾತಿಗೆ ಬಂದ ಮೇಲೆ ಝರ್ನಾ ತಟ್ಟೆಯಲ್ಲಿ ಒಂದು ತುಂಡು ಇಲಿಶ್ ಇಟ್ಟು, ಇನ್ನಾದರೂ ತಿನ್ನು, ನಿನ್ನ ಜಗಳ ಮುಗಿಯಿತಲ್ಲ ಅಂದಳು. ಬೆರಳಲ್ಲಿ ಮುಟ್ಟಿ ನೋಡಿದೆ. ಮುಗಿದಿದೆಯೋ ಇಲ್ಲವೋ ತಿಳಿಯಲಿಲ್ಲ. ತುಂಡನ್ನು ಅವಳ ತಟ್ಟೆಗೇ ದಾಟಿಸಿದೆ.

ಈಗ ಮತ್ತೆ ಮಳೆಗಾಲ. ಮಂಡಿ ನೋಯುತ್ತದೆ, ಆದರೂ ಒಂದು ಸಣ್ಣ ತಂಡ ನನ್ನನ್ನು ಹಿಡಿದುಕೊಂಡಿದೆ. ಮೊನ್ನೆ ಮೈದಾನಕ್ಕೆ ಹೊರಡುವಾಗ ಅಪ್ಪನ ಫೋನು. ಆಟವೆಂದರೆ ಮೂಗು ಮುರಿಯುತ್ತಿದ್ದ ಅಪ್ಪ ಈಗ ಅಂಗಡಿಗೆ ಬಂದವರಿಗೆಲ್ಲ ನನ್ನ ಗೋಲನ್ನು ವರ್ಣಿಸುತ್ತಾನಂತೆ.

“ಮಧುಗಿರಿ ಹುಡುಗ್ರು ಬಂದಿದ್ರು ಕಣ್ಲಾ. ಬರೋ ವರ್ಸ ನೀನು ಅವ್ರ ಕಡೆ ಆಡ್ಬೇಕಂತೆ. ಮೇಷ್ಟ್ರೇ ಕೇಳ್ಕಂಬನ್ನಿ ಅಂತ ಕಳ್ಸವ್ರೆ.”

“ಪಾವಗಡಕ್ಕೇ ಆಡ್ತೀನಿ ಅಂತ ಹೇಳ್ಬುಡು.”

“ನಮ್ಮೂರ್ ಮ್ಯಾಲೇನಾ?”

“ಹೂಂ ಅಪ್ಪಾ.”

ಆ ಕಡೆಯಿಂದ ತಕ್ಕಡಿಯ ಸದ್ದು, ಯಾರೋ ಬೆಲ್ಲ ಕೇಳುತ್ತಿದ್ದ ದನಿ.

“ಅಲ್ಲ ಮಗಾ, ನಾನು ನೋಡಕ್ ಬತ್ತೀನಿ. ಯಾವ್ ಕಡೆ ಕೂತ್ಕಳ್ಳಿ?”

ತಪನ್ ಹೊರಗೆ ಸ್ಕೂಟರಿನಲ್ಲಿ ಹಾರನ್ ಹೊಡೆಯುತ್ತಿದ್ದ. ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಬಾಗಿಲಲ್ಲೇ ನಿಂತಿದ್ದೆ.